ಶುಶ್ರೂಷೆಯ ಎಲ್ಲೆ

ಮನುಷ್ಯನ ಮೈಗೆ ಬರುವ ವ್ಯಾಧಿಗಳಲ್ಲಿ ಬಂದು ಹೋಗುವುವು ಕೆಲವು, ಬಂದು ಕೊಂಡೊಯ್ಯುವುವು ಕೆಲವು, ಬಂದು ಮನೆಮಾಡಿಕೊಂಡು ಕೂಡುವುವು ಕೆಲವು. ಮೊದಲನೆಯ ಬಗೆಯಲ್ಲಿ ಶುಶ್ರೂಷೆಯ ಧರ್ಮವನ್ನು ತಿಳಿಯುವುದು ಕಷ್ಟವಲ್ಲ. ಜ್ವರದಲ್ಲಿ ಮಲಗಿದವನಿಗೆ ಗಂಜಿ ಕುಡಿಸಬೇಕು, ಹಣೆಗೆ ಒದ್ದೆಬಟ್ಟೆ ಹಾಕಬೇಕು, ಮಗ್ಗುಲು ತಿರುಗಿಸಬೇಕು. ಅವನು ಎದ್ದು ಕುಳಿತ ದಿನ ಶುಶ್ರೂಷೆಯು ತಾನಾಗಿಯೇ ಮುಗಿಯುತ್ತದೆ. ಎರಡನೆಯ ಬಗೆಯಲ್ಲಿ ದುಃಖ ಹೆಚ್ಚು. ಆದರೆ ಕರ್ತವ್ಯದ ವಿಷಯದಲ್ಲಿ ಸಂದೇಹ ಕಡಮೆ. ಮೂರನೆಯ ಬಗೆಯೇ ತೊಡಕಿನದು. ಇಪ್ಪತ್ತು ಮೂವತ್ತು ವರ್ಷ ರೋಗಿಯ ಜೊತೆಯಲ್ಲಿಯೇ ಬಾಳುವ ವ್ಯಾಧಿಯೊಂದರಲ್ಲಿ, ಪಕ್ಕದಲ್ಲಿ ನಿಂತವರ ನೆರವು ಎಲ್ಲಿಯವರೆಗೆ ನೆರವಾಗಿರುತ್ತದೆ? ಎಲ್ಲಿಂದಾಚೆಗೆ ಅದು ರೋಗಿಯ ಬಾಳನ್ನು ಅವನ ಕೈಯಿಂದ ಕಸಿದುಕೊಳ್ಳುವುದಾಗುತ್ತದೆ? ಇದು ದೊಡ್ಡ ಪ್ರಶ್ನೆಯೆಂದು ತೋರದಿರಬಹುದು. ಆದರೆ ಮನೆಯಲ್ಲಿ ಇಂಥ ರೋಗಿಯೊಬ್ಬರಿದ್ದರೆ ದಿನಕ್ಕೆ ಹತ್ತು ಸಲ ಇದಕ್ಕೆ ಉತ್ತರ ಹೇಳಬೇಕಾಗುತ್ತದೆ; ಬಾಯಿಂದಲ್ಲ, ಕೈಯಿಂದ.

ರುಮಟಾಯ್ಡ್ ಸಂಧಿವಾತವೆಂಬುದು ಈ ಮೂರನೆಯ ಬಗೆಯದು. ಮುಪ್ಪಿನಲ್ಲಿ ಮೊಣಕಾಲು ಸವೆದು ಬರುವ ನೋವು ಬೇರೆ, ಇದು ಬೇರೆ. ಹೊರಗಿನ ಶತ್ರುವಿನಿಂದ ದೇಹವನ್ನು ಕಾಯಬೇಕಾದ ರಕ್ಷಣಶಕ್ತಿಯೇ ದಾರಿತಪ್ಪಿ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವುದರಿಂದ ಇದು ಉಂಟಾಗುತ್ತದೆ. ಬೆರಳುಗಳ ಬುಡ, ಮಣಿಕಟ್ಟು, ಪಾದದ ಚಿಕ್ಕ ಕೀಲುಗಳು ಸಾಮಾನ್ಯವಾಗಿ ಎಡಬಲಗಳೆರಡರಲ್ಲಿಯೂ ಊದಿಕೊಂಡು ಬಿಸಿಯಾಗುತ್ತವೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಎಲುಬು ಸವೆದು ಬೆರಳುಗಳು ಓರೆಯಾಗುತ್ತವೆ. ಇದು ಬಂದವರಲ್ಲಿ ಹೆಂಗಸರ ಸಂಖ್ಯೆಯು ಗಂಡಸರ ಸಂಖ್ಯೆಗಿಂತ ಎರಡು ಮೂರು ಪಾಲು ಹೆಚ್ಚು. ಮಾಧವಕರನ ನಿದಾನಗ್ರಂಥದಲ್ಲಿ ಆಮವಾತವೆಂಬ ಬೇನೆಗೆ ಪ್ರತ್ಯೇಕ ಅಧ್ಯಾಯವೇ ಇದೆ. ಅಲ್ಲಿಯ ಲಕ್ಷಣಗಳನ್ನು ಓದಿದವರಿಗೆ ಈ ವ್ಯಾಧಿಯ ನೆನಪಾಗದಿರದು. ಯೂರೋಪಿನಲ್ಲಿ ಪ್ಯಾರಿಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ತರುಣ ವೈದ್ಯ ಲಾಂದ್ರೆ-ಬೊವೆ ಎಂಬಾತನು 1800ರಲ್ಲಿ ಇದನ್ನು ವರ್ಣಿಸಿದನು. ಅಲ್ಲಿಯವರೆಗೆ ಶ್ರೀಮಂತರ ಕೀಲುನೋವಿನ ಮೇಲೆಯೇ ಇದ್ದ ವೈದ್ಯರ ಗಮನವು ಆತನಿಂದ ಬಡ ಹೆಂಗಸರ ಕೈಬೆರಳುಗಳ ಕಡೆಗೆ ತಿರುಗಿತು. ಈಗಿರುವ ಹೆಸರನ್ನು ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರಡನು ಕೊಟ್ಟದ್ದು 1859ರಲ್ಲಿ.

ಈ ವ್ಯಾಧಿಗೆ ಒಂದು ವಿಲಕ್ಷಣ ಗುಣವುಂಟು. ಇದು ಬೆಳಗಿನ ಜಾವದ ವ್ಯಾಧಿ. ರೋಗಿಯು ಎದ್ದಾಗ ಕೈಗಳು ಮರಗಟ್ಟಿದಂತಿರುತ್ತವೆ. ಮುಷ್ಟಿ ಕಟ್ಟಲು ಬಾರದು, ಲೋಟ ಹಿಡಿಯಲು ಬಾರದು, ಹಲ್ಲುಜ್ಜುವುದೇ ಒಂದು ದೊಡ್ಡ ಕಾರ್ಯವಾಗುತ್ತದೆ. ಗಂಟೆ ಕಳೆದು, ಕೆಲವು ಸಲ ಎರಡು ಮೂರು ಗಂಟೆ ಕಳೆದು, ಬಿಗಿತವು ಮೆಲ್ಲಗೆ ಸಡಿಲುತ್ತದೆ. ಹತ್ತು ಗಂಟೆಗೆ ಬಂದ ನೆಂಟರಿಗೆ ಆಕೆ ಕಾಫಿ ಮಾಡಿಕೊಟ್ಟರೂ ಕೊಟ್ಟಾಳು. ಆರು ಗಂಟೆಗೆ ಆಕೆ ಪಟ್ಟ ಪಾಡನ್ನು ಹತ್ತು ಗಂಟೆಗೆ ಬಂದವರು ನಂಬುವುದು ಹೇಗೆ? ಮೊದಮೊದಲು ಬೆರಳೇನೂ ಸೊಟ್ಟಗಾಗಿರುವುದಿಲ್ಲ; ಗಾಯವಿಲ್ಲ, ಕಟ್ಟುಪಟ್ಟಿಯಿಲ್ಲ. ನೋವಿನ ಜೊತೆಗೆ ಬರುವ ಆಯಾಸವಂತೂ ಯಾರ ಕಣ್ಣಿಗೂ ಬೀಳದು. “ಕೆಲಸವೆಂದರೆ ಕೈನೋವು, ಮಾತೆಂದರೆ ಇಲ್ಲ” ಎಂಬ ನುಡಿ ಎಷ್ಟು ಮನೆಗಳಲ್ಲಿ ಕೇಳಿಬಂದಿಲ್ಲ! ವ್ಯಾಧಿಯ ನೋವಿಗಿಂತ ಈ ಅಪನಂಬಿಕೆಯ ನೋವು ಕಡಮೆಯೆಂದು ಹೇಳಲಾಗದು.

ಆದುದರಿಂದ ಇಲ್ಲಿ ದಾದಿಯ ಮೊದಲನೆಯ ಕಾರ್ಯವು ಕೈಯದಲ್ಲ, ಕಿವಿಯದು. ಶುಶ್ರೂಷೆಯೆಂಬ ಪದವೇ ಇದನ್ನು ಹೇಳುತ್ತದೆ. ‘ಶ್ರು’ ಎಂದರೆ ಕೇಳು. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ. ಹಿರಿಯರ ಮಾತನ್ನು ಕೇಳುವುದೆಂಬುದರಿಂದ ಅವರ ಸೇವೆಯೆಂಬ ಅರ್ಥವೂ, ಅದರಿಂದ ರೋಗಿಯ ಆರೈಕೆಯೆಂಬ ಅರ್ಥವೂ ಬಂದುವು. ರೂಢಿಯಲ್ಲಿ ಸೇವೆ ಉಳಿಯಿತು, ಕೇಳುವಿಕೆ ಮರೆತುಹೋಯಿತು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ಗುಣಗಳು ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ. ಇಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ರೋಗಿಯೂ ಒಂದು ಪಾದ. ತನ್ನಲ್ಲಿ ಆಗುತ್ತಿರುವುದನ್ನು ತಿಳಿಸಬಲ್ಲವನಾಗಿರುವುದು ರೋಗಿಯ ಗುಣಗಳಲ್ಲಿ ಒಂದೆಂದು ಅಲ್ಲಿ ಎಣಿಸಿದೆ. ತಿಳಿಸುವವನಿದ್ದ ಮೇಲೆ ಕೇಳುವವರೂ ಇರಬೇಕಲ್ಲವೆ?

ಈಗಿನ ವೈದ್ಯಶಾಸ್ತ್ರವು ಈ ಕೇಳುವಿಕೆಗೆ ಲೆಕ್ಕದಲ್ಲಿಯೇ ಒಂದು ಸ್ಥಾನವನ್ನು ಕೊಟ್ಟಿದೆ. ವ್ಯಾಧಿಯ ಬಲವನ್ನು ಅಳೆಯಲು 28 ಕೀಲುಗಳನ್ನು ನೋಡುವ ಪದ್ಧತಿಯೊಂದುಂಟು: ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಕೈಬೆರಳುಗಳ ಇಪ್ಪತ್ತು ಕೀಲುಗಳು, ಎರಡು ಮೊಣಕಾಲು. ಒಂದೊಂದನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಊತವಿದೆಯೇ ಎಂದು ನೋಡಿ, ನೋವಿದೆಯೇ ಎಂದು ಕೇಳಿ, ಬರೆದುಕೊಳ್ಳಬೇಕು. ಪಳಗಿದ ದಾದಿಯು ಇದನ್ನು ವೈದ್ಯನಷ್ಟೇ ಚೆನ್ನಾಗಿ ಮಾಡಬಲ್ಲಳು. ಬಳಿಕ ರಕ್ತಪರೀಕ್ಷೆಯ ಅಂಕಿಯನ್ನು ಸೇರಿಸುತ್ತಾರೆ. ಕೊನೆಗೆ ಒಂದು ಗೆರೆಯನ್ನು ರೋಗಿಯ ಮುಂದಿಟ್ಟು, ಒಟ್ಟಿನಲ್ಲಿ ಹೇಗಿದ್ದೀರಿ ಎಂಬುದಕ್ಕೆ ಸೊನ್ನೆಯಿಂದ ನೂರರವರೆಗೆ ಆಕೆಯೇ ಗುರುತು ಹಾಕುವಂತೆ ಹೇಳುತ್ತಾರೆ. ಆ ಗುರುತೂ ಲೆಕ್ಕಕ್ಕೆ ಸೇರುತ್ತದೆ. ರಕ್ತವು ಹೇಳಿದುದಕ್ಕೂ ರೋಗಿಯು ಹೇಳಿದುದಕ್ಕೂ ಒಂದೇ ಕಾಗದದಲ್ಲಿ ಎಡೆ ದೊರೆತಿದೆ. ಮನೆಯಲ್ಲಿ ಯಾರೂ ನಂಬದ ಹೆಂಗಸೊಬ್ಬಳಿಗೆ ತನ್ನ ಮಾತು ಹೀಗೆ ಅಂಕಿಯಾಗಿ ನಿಂತುದನ್ನು ನೋಡುವುದು ಸಣ್ಣ ಸಮಾಧಾನವಲ್ಲ.

ಅಪನಂಬಿಕೆ ಒಂದು ತಪ್ಪು. ಅದಕ್ಕೆ ಎದುರಾದ ತಪ್ಪು ಇನ್ನೊಂದುಂಟು. ಒಳ್ಳೆಯ ಮನೆಗಳಲ್ಲಿ ಕಾಣಬರುವುದು ಅದೇ. ವೈದ್ಯರು ರೋಗದ ಹೆಸರನ್ನು ಹೇಳಿದ ದಿನದಿಂದ ಆಕೆಯ ಕೈಯಲ್ಲಿದ್ದ ಕೆಲಸಗಳು ಒಂದೊಂದಾಗಿ ಜಾರುತ್ತವೆ. ಸೊಸೆಯು ಸೌಟನ್ನು ತೆಗೆದುಕೊಳ್ಳುತ್ತಾಳೆ: “ನೀವು ಕೂತುಕೊಳ್ಳಿ ಅತ್ತೆ.” ಮಗನು ಬೀಗದಕೈಯನ್ನು ತೆಗೆದುಕೊಳ್ಳುತ್ತಾನೆ. ಮೊಮ್ಮಗಳು ಹೂ ಕಟ್ಟುವ ಬುಟ್ಟಿಯನ್ನು ತೆಗೆದುಕೊಳ್ಳುತ್ತಾಳೆ. ಎಲ್ಲವೂ ಪ್ರೀತಿಯಿಂದಲೇ. ಆರು ತಿಂಗಳಲ್ಲಿ ಮನೆಯ ಯಜಮಾನಿತಿಯು ಮನೆಯ ಅತಿಥಿಯಾಗುತ್ತಾಳೆ. ಕೀಲು ಆಡದಿದ್ದರೆ ಬಿಗಿಯುತ್ತದೆ, ಸ್ನಾಯು ದುಡಿಯದಿದ್ದರೆ ಕರಗುತ್ತದೆ. ಇದು ದೇಹದ ಮಾತಾಯಿತು. ಕೇಳಿ ಮಾಡಿಸಿಕೊಳ್ಳುವುದನ್ನು ಮಾತ್ರ ಬಲ್ಲವರಾಗಿ ಉಳಿಯುವುದು ಮನಸ್ಸಿಗೆ ಏನು ಮಾಡುತ್ತದೆಂಬುದನ್ನು ಅಳೆಯುವ ಗೆರೆಯನ್ನು ಯಾವ ಆಸ್ಪತ್ರೆಯೂ ರೋಗಿಯ ಮುಂದಿಟ್ಟಿಲ್ಲ.

ನುರಿತ ದಾದಿಯ ವಿದ್ಯೆಯು ಇಲ್ಲಿ ಕೆಲಸವನ್ನು ಕಿತ್ತುಕೊಳ್ಳುವುದರ ಬದಲು ಕೆಲಸದ ದಾರಿಯನ್ನು ಬದಲಿಸುತ್ತದೆ. ಚಿಕ್ಕ ಕೀಲಿನ ಭಾರವನ್ನು ದೊಡ್ಡ ಕೀಲಿಗೆ ಸಾಗಿಸುವುದು ಅದರ ಗುಟ್ಟು. ಪಾತ್ರೆಯನ್ನು ಬೆರಳ ತುದಿಯಿಂದ ಎತ್ತದೆ ಎರಡು ಅಂಗೈಗಳ ನಡುವೆ ಎತ್ತುವುದು. ಚೀಲವನ್ನು ಬೆರಳಿಗೆ ಸಿಕ್ಕಿಸದೆ ಮೊಣಕೈಗೆ ತೂಗಹಾಕುವುದು. ಒದ್ದೆಬಟ್ಟೆಯನ್ನು ತಿರುಚಿ ಹಿಂಡದೆ ಅಂಗೈಯಿಂದ ಒತ್ತಿ ನೀರಿಳಿಸುವುದು. ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪಮಾಡುವುದು. ರವಿಕೆಯ ಗುಂಡಿಯಿದ್ದಲ್ಲಿ ಅಂಟುಪಟ್ಟಿ ಹಾಕಿಸುವುದು. ಬೆಳಿಗ್ಗೆ ಮೊದಲು ಬಿಸಿನೀರಿನಲ್ಲಿ ಕೈಯಿಟ್ಟು ಬಿಗಿತ ಸಡಿಲಿದ ಮೇಲೆ ಕೆಲಸಕ್ಕೆ ತೊಡಗುವುದು. ಕೇಳಿದರೆ ಕ್ಷುಲ್ಲಕವೆನಿಸುತ್ತದೆ. ಆದರೆ ಒಂದು ಸೌಟಿನ ಹಿಡಿಯಲ್ಲಿ ಒಬ್ಬಾಕೆಯ ಅಡಿಗೆಮನೆ ಅಡಗಿರಬಹುದು.

ಇಷ್ಟಕ್ಕೆ ನಿಲ್ಲಿಸಿದರೆ ಧರ್ಮವು ಸುಲಭವಾಗುತ್ತಿತ್ತು: ರೋಗಿಯಿಂದ ಆಗುವುದನ್ನು ರೋಗಿಯೇ ಮಾಡಲಿ, ಆಗದುದನ್ನು ಮಾತ್ರ ದಾದಿಯು ಮಾಡಲಿ. ಅನೇಕ ಪಾಠಪುಸ್ತಕಗಳ ಮತವೂ ಇದಕ್ಕೆ ದೂರವಲ್ಲ. ಆದರೆ ಈ ಸೂತ್ರದಲ್ಲಿ ಒಂದು ಕಾಠಿಣ್ಯವಿದೆ. ಇದಕ್ಕೆ ಉದಾಹರಣೆಯಾಗಿ ಫ್ರಾನ್ಸಿನ ಚಿತ್ರಕಾರ ಒಗಸ್ತ್ ರೆನ್ವಾರನ ಜೀವನವನ್ನು ನೋಡಬಹುದು.

ರೆನ್ವಾರನು 1841ರಲ್ಲಿ ಹುಟ್ಟಿದನು. ಐವತ್ತರ ಆಸುಪಾಸಿನಲ್ಲಿ ಈ ವ್ಯಾಧಿಯು ಆತನನ್ನು ಹಿಡಿಯಿತು. ಆಗ ಇದಕ್ಕೆ ತಕ್ಕ ಔಷಧವಿರಲಿಲ್ಲ. ಬಿಸಿಲಿಗಾಗಿ ಆತನು ದಕ್ಷಿಣದ ಕಾನ್ಯ್ ಊರಿಗೆ ಬಂದು, 1907ರಲ್ಲಿ ಆಲಿವ್ ಮರಗಳ ತೋಟವೊಂದನ್ನು ಕೊಂಡು ನೆಲಸಿದನು. ಬೆರಳುಗಳು ಅಂಗೈಯೊಳಕ್ಕೆ ಮಡಿಸಿಕೊಂಡುವು; ಕಾಲು ನಿಂತುಹೋಯಿತು; ಗಾಲಿಕುರ್ಚಿ ಬಂದಿತು. ಆದರೂ 1919ರಲ್ಲಿ ಸಾಯುವವರೆಗೂ ಬಣ್ಣ ಹಾಕುವುದನ್ನು ಬಿಡಲಿಲ್ಲ. ಕುಂಚವನ್ನು ಆತನ ಕೈಗೆ ಕಟ್ಟುತ್ತಿದ್ದರೆಂದು ಜನ ಹೇಳುವುದುಂಟು, ಅದು ನಿಜವಲ್ಲ. ಬೆರಳುಗಳು ಒತ್ತಿ ಅಂಗೈಯ ಚರ್ಮ ಹುಣ್ಣಾಗದಿರಲೆಂದು ಬಟ್ಟೆ ಸುತ್ತಿರುತ್ತಿದ್ದರು, ಅಷ್ಟೆ. ಕುಂಚವನ್ನು ಪಕ್ಕದವರು ಬೆರಳುಗಳ ನಡುವೆ ಸಿಕ್ಕಿಸಿಕೊಡುತ್ತಿದ್ದರು. 1915ರಲ್ಲಿ ಸಾಷಾ ಗೀತ್ರಿ ಎಂಬಾತನು ತೆಗೆದ ಮೂಕಚಿತ್ರವೊಂದರಲ್ಲಿ ಇದನ್ನು ಈಗಲೂ ಕಾಣಬಹುದು. ಹದಿನಾಲ್ಕು ವರ್ಷದ ಕಿರಿಯ ಮಗನು ಪಕ್ಕದಲ್ಲಿ ನಿಂತು ಬಣ್ಣದ ಹಲಗೆಯನ್ನು ಸರಿಪಡಿಸುತ್ತಾನೆ, ಕುಂಚವನ್ನು ತಂದೆಯ ಮಡಿಸಿದ ಕೈಯಲ್ಲಿಡುತ್ತಾನೆ. ಅಲ್ಲಿಗೆ ಮಗನ ಕೆಲಸ ಮುಗಿಯಿತು. ಮುಂದಿನದು ತಂದೆಯದು.

ಎರಡನೆಯ ಮಗ ಜಾನ್ ರೆನ್ವಾರನು ಬರೆದ ತಂದೆಯ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ವೈದ್ಯನೊಬ್ಬನು ಮುದುಕನನ್ನು ಮತ್ತೆ ನಡೆಯಿಸುವೆನೆಂದು ಮುಂದೆ ಬಂದು, ಕೆಲವು ವಾರಗಳ ಉಪಚಾರದ ಮೇಲೆ ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿದನು. ರೆನ್ವಾರನು ಕೆಲವು ಹೆಜ್ಜೆ ನಡೆದನು. ಮನೆಯವರ ಆನಂದಕ್ಕೆ ಪಾರವಿಲ್ಲ. ನಡೆದವನು ತಿರುಗಿ ಬಂದು ಕುರ್ಚಿಯಲ್ಲಿ ಕುಳಿತು, ಇದಕ್ಕೆ ತನ್ನ ಮನೋಬಲವೆಲ್ಲ ಖರ್ಚಾಗುತ್ತದೆ, ಚಿತ್ರಕ್ಕೆ ಏನೂ ಉಳಿಯುವುದಿಲ್ಲ ಎಂದು ಹೇಳಿ ನಡೆಯುವುದನ್ನು ಬಿಟ್ಟುಬಿಟ್ಟನು. ಆ ಮೇಲೆ ಆತನು ನಡೆಯಲಿಲ್ಲ.

ಮೇಲೆ ಹೇಳಿದ ಸೂತ್ರವು ಇಲ್ಲಿ ಏನು ಹೇಳೀತು? ನಡೆಯಬಲ್ಲವನು ನಡೆಯಲಿ ಎಂದೀತು. ಅವನನ್ನು ಕುರ್ಚಿಯಲ್ಲಿ ತಳ್ಳಿಕೊಂಡು ಹೋಗುವುದು ಸೋಮಾರಿತನಕ್ಕೆ ಕೊಟ್ಟ ನೆರವು ಎಂದೀತು. ಆದರೆ ರೆನ್ವಾರನಿಗೆ ತನ್ನ ಗಂಟು ಎಷ್ಟೆಂಬುದು ಗೊತ್ತಿತ್ತು. ಅದನ್ನು ಎಲ್ಲಿ ಬಿಚ್ಚಬೇಕೆಂಬುದನ್ನು ಆತನೇ ಗೊತ್ತುಮಾಡಿದನು. ಈ ವ್ಯಾಧಿಯುಳ್ಳವರಿಗೆ ದಿನಕ್ಕೆ ಇಷ್ಟೆಂದು ಅಳೆದುಕೊಟ್ಟಂತೆ ಶಕ್ತಿ. ಬೆಳಿಗ್ಗೆ ಸ್ನಾನಕ್ಕೂ ಸೀರೆಗೂ ಜಡೆಗೂ ಅದೆಲ್ಲ ತೀರಿಹೋದರೆ ಸಂಜೆ ವೀಣೆಗೆ ಉಳಿಯದು, ಕಾಗದ ಬರೆಯಲು ಉಳಿಯದು, ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಉಳಿಯದು. ಜಡೆಯನ್ನು ಬೇರೆಯವರಿಂದ ಹಾಕಿಸಿಕೊಂಡು ಕೈಯನ್ನು ವೀಣೆಗೆ ಉಳಿಸಿಕೊಳ್ಳುವವಳು ಪರಾಧೀನಳೆ? ಸ್ವಾವಲಂಬನವು ಒಳ್ಳೆಯದೇ, ಆದರೆ ಅದನ್ನೂ ರೋಗಿಯ ಮೇಲೆ ಹೇರಬಹುದು. ಎಲ್ಲವನ್ನೂ ಮಾಡಿಕೊಡುವ ಸೊಸೆಯೂ, ಎಲ್ಲವನ್ನೂ ಮಾಡಿಸುವ ದಾದಿಯೂ ಒಂದು ವಿಷಯದಲ್ಲಿ ಒಂದೇ: ಇಬ್ಬರೂ ಕೇಳಲಿಲ್ಲ.

ರೆನ್ವಾರನ ಕಥೆಗೆ ಇನ್ನೊಂದು ಮುಖವುಂಟು. 1913ರಿಂದ ಕೆಲವು ವರ್ಷ ಆತನು ಶಿಲ್ಪಗಳನ್ನೂ ಮಾಡಿಸಿದನು. ಮಣ್ಣು ಕಲಸಿ ರೂಪಿಸಲು ಆತನ ಕೈಗೆ ಸಾಧ್ಯವಿರಲಿಲ್ಲ. ರಿಷಾರ್ ಗೀನೋ ಎಂಬ ತರುಣ ಶಿಲ್ಪಿಯು ಆತನ ಮಾತನ್ನೂ ಸನ್ನೆಯನ್ನೂ ಅನುಸರಿಸಿ ರೂಪಿಸುತ್ತಿದ್ದನು. ಅವು ರೆನ್ವಾರನ ಶಿಲ್ಪಗಳೆಂದೇ ಹೆಸರಾದುವು. ಬಹಳ ವರ್ಷಗಳ ಮೇಲೆ ವ್ಯವಹಾರವು ನ್ಯಾಯಸ್ಥಾನಕ್ಕೆ ಹೋಗಿ, 1973ರಲ್ಲಿ ಫ್ರಾನ್ಸಿನ ಅತ್ಯುಚ್ಚ ನ್ಯಾಯಾಲಯವು ಗೀನೋವೂ ಆ ಕೃತಿಗಳಿಗೆ ಸಹಕರ್ತೃವೆಂದು ಎತ್ತಿಹಿಡಿಯಿತು. ಕುಂಚವನ್ನು ಕೈಗಿಟ್ಟ ಹುಡುಗನು ಚಿತ್ರಕ್ಕೆ ಕರ್ತೃವಲ್ಲ. ಮಣ್ಣನ್ನು ರೂಪಿಸಿದ ಶಿಲ್ಪಿಯು ಶಿಲ್ಪಕ್ಕೆ ಅರ್ಧ ಕರ್ತೃ. ಇಬ್ಬರೂ ಆ ಮುದುಕನ ಮನೆಯಲ್ಲಿ, ಆತನ ಇಚ್ಛೆಯಂತೆಯೇ ಕೈಯಾಡಿಸಿದವರು. ನೆರವಿನ ಎಲ್ಲೆ ಎಷ್ಟು ಸೂಕ್ಷ್ಮವೆಂಬುದು ಇದರಿಂದ ತಿಳಿಯುತ್ತದೆ. ಶಿಲ್ಪದಲ್ಲಿ ಇಬ್ಬರು ಕರ್ತೃಗಳಿದ್ದರೆ ನಷ್ಟವಿಲ್ಲ. ಬಾಳಿನಲ್ಲಿ ಹಾಗೆ ಹೇಳಬಹುದೆ?

ಇಲ್ಲಿ ದಾದಿಯ ಕಡೆಯಿಂದ ಒಂದು ಆಕ್ಷೇಪಣೆ ಬರತಕ್ಕದ್ದು, ಅದು ನ್ಯಾಯವಾದುದು. ಗುಂಡಿ ಹಾಕಲು ರೋಗಿಗೆ ಐದು ನಿಮಿಷ ಬೇಕು. ದಾದಿಗೆ ಅರ್ಧ ನಿಮಿಷ ಸಾಕು. ವಾರ್ಡಿನಲ್ಲಿ ಮೂವತ್ತು ಹಾಸಿಗೆಗಳು, ನೋಡುವವರು ಇಬ್ಬರು. ಒಬ್ಬಳ ಗುಂಡಿಗಾಗಿ ಕಾದು ನಿಂತರೆ ಇನ್ನೊಬ್ಬಳ ಸೂಜಿಮದ್ದು ತಡವಾಗುತ್ತದೆ. ಕಾಯುವ ತಾಳ್ಮೆಯನ್ನು ಉಪದೇಶಿಸುವುದು ಸುಲಭ. ಕಾಯಲು ಬೇಕಾದ ಹೊತ್ತನ್ನು ಒದಗಿಸುವುದು ದಾದಿಯ ಕೈಯಲ್ಲಿಲ್ಲ, ಆಸ್ಪತ್ರೆಯನ್ನು ನಡೆಸುವವರ ಕೈಯಲ್ಲಿದೆ. ಯೂರೋಪಿನ ಸಂಧಿರೋಗ ತಜ್ಞರ ಒಕ್ಕೂಟವು 2012ರಲ್ಲಿ ಈ ರೋಗಿಗಳ ಆರೈಕೆಯಲ್ಲಿ ದಾದಿಯ ಪಾತ್ರವನ್ನು ಕುರಿತು ಶಿಫಾರಸುಗಳನ್ನೇ ಹೊರಡಿಸಿತು: ರೋಗಿಗೆ ತಿಳಿವಳಿಕೆ ಕೊಡುವುದು, ದೂರವಾಣಿಯಲ್ಲಿ ಸಿಕ್ಕುವುದು, ಮನಸ್ಸಿನ ಕುಗ್ಗನ್ನು ಗಮನಿಸುವುದು, ರೋಗಿಯು ತನ್ನ ರೋಗವನ್ನು ತಾನೇ ನಿಭಾಯಿಸುವ ಧೈರ್ಯವನ್ನು ಬೆಳೆಸುವುದು. ಇವೆಲ್ಲ ಹೊತ್ತು ಹಿಡಿಯುವ ಕೆಲಸಗಳು. ಹೊತ್ತನ್ನು ಕೊಡದೆ ಕೆಲಸವನ್ನು ಮಾತ್ರ ಕೊಟ್ಟರೆ ತಪ್ಪು ಯಾರದು?

ಔಷಧದ ವಿಷಯದಲ್ಲಿ ಈ ಹೊತ್ತಿನ ಬೆಲೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ ಫಿಲಿಪ್ ಹೆಂಚನು ಮುಂದೆ ಕಾರ್ಟಿಸೋನ್ ಎಂದು ಹೆಸರಾದ ಔಷಧವನ್ನು ಹಾಸಿಗೆ ಹಿಡಿದಿದ್ದ ತರುಣಿಯೊಬ್ಬಳಿಗೆ ಕೊಟ್ಟನು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಹೆಂಚನಿಗೂ ಅವನ ಸಂಗಡಿಗರಿಗೂ ನೊಬೆಲ್ ಪಾರಿತೋಷಕ ಬಂದಿತು. ಲೋಕವೆಲ್ಲ ರೋಗ ಗೆದ್ದಿತೆಂದು ತಿಳಿಯಿತು. ಆದರೆ ಆ ಔಷಧವನ್ನು ಹೆಚ್ಚು ಕಾಲ ಹೆಚ್ಚಾಗಿ ಕೊಟ್ಟರೆ ಮುಖ ಊದುವುದೂ ಎಲುಬು ಟೊಳ್ಳಾಗುವುದೂ ಬಳಿಕ ತಿಳಿದುಬಂದಿತು. ಈಗ ಮೊದಲಿಗೆ ಕೊಡುವ ಮುಖ್ಯ ಔಷಧ ಮೆಥೊಟ್ರೆಕ್ಸೇಟ್. ಇದು ರೋಗದ ಬೇರಿಗೇ ಕೈಹಾಕತಕ್ಕದ್ದು. ಬೇಗ ಮೊದಲುಮಾಡಿದರೆ ಬೆರಳುಗಳು ಓರೆಯಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಆದರೆ ಇದನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು. ದಿನವೂ ನುಂಗಿದರೆ ಪ್ರಾಣಾಪಾಯ. ಚೀಟಿಯಲ್ಲಿ ಬರೆದಿರುತ್ತದೆ, ನಿಜ. ಆದರೆ ಮಾತ್ರೆಯೆಂದರೆ ದಿನವೂ ನುಂಗತಕ್ಕದ್ದೆಂಬ ಅಭ್ಯಾಸ ಬೇರೂರಿರುವಲ್ಲಿ ಚೀಟಿಗೆ ಎಷ್ಟು ಬಲ? ರೋಗಿಯನ್ನು ಕೂರಿಸಿಕೊಂಡು ನಿಮ್ಮ ಊರಿನ ಸಂತೆ ಯಾವ ದಿನವೆಂದು ಕೇಳಿ, ಮಾತ್ರೆಯನ್ನು ಆ ದಿನಕ್ಕೆ ಗಂಟುಹಾಕಿಕೊಟ್ಟು, ಈಗ ನೀವು ನನಗೆ ಹೇಳಿ ಎಂದು ತಿರುಗಿ ಒಪ್ಪಿಸಿಕೊಳ್ಳುವ ದಾದಿಯು ಒಂದು ಜೀವವನ್ನು ಉಳಿಸಿರಬಹುದು. ಉಳಿಸಿದುದು ಯಾರಿಗೂ ತಿಳಿಯುವುದಿಲ್ಲ. ಇನ್ನು ಬಸುರಿಯಾಗಬೇಕೆಂದಿರುವ ಹೆಂಗಸು ಇದನ್ನು ಸೇವಿಸಬಾರದು. ಅತ್ತೆಯ ಜೊತೆಯಲ್ಲಿ ಬಂದು ವೈದ್ಯರ ಮುಂದೆ ತಲೆತಗ್ಗಿಸಿ ಕುಳಿತ ಹೊಸ ಸೊಸೆಯು ಆ ಬಯಕೆಯನ್ನು ಹೇಳುವಳೆ? ಹೇಳಿದರೆ ಬಾಗಿಲಾಚೆ, ರಕ್ತ ತೆಗೆಯುವ ದಾದಿಯ ಹತ್ತಿರ ಹೇಳಿಯಾಳು.

ಕೊನೆಯ ಕಷ್ಟ ಮಾತಿನದು. “ಇದು ವಾಸಿಯಾಗುತ್ತದೆಯೇ ತಾಯಿ?” ಎಂದು ರೋಗಿ ಕೇಳುತ್ತಾಳೆ. ವೈದ್ಯರನ್ನು ಕೇಳುವುದಿಲ್ಲ, ದಾದಿಯನ್ನು ಕೇಳುತ್ತಾಳೆ. ರೋಗವು ಹಿಡಿತಕ್ಕೆ ಬರುವುದುಂಟು, ಬಹುಕಾಲ ಅಡಗಿರುವುದೂ ಉಂಟು. ಬೇರುಸಹಿತ ಹೋಗುವುದೆಂದು ಹೇಳುವಂತಿಲ್ಲ. ಆಗುತ್ತದೆ ಎಂದರೆ ಸುಳ್ಳು. ಆಗುವುದಿಲ್ಲ ಎಂದರೆ ನಿಜವಾದರೂ ನಿರ್ದಯ. ಫ್ಲಾರೆನ್ಸ್ ನೈಟಿಂಗೇಲಳು ಶುಶ್ರೂಷೆಯನ್ನು ಕುರಿತ ತನ್ನ ಪುಸ್ತಕವನ್ನು ಬರೆದುದು ಗ್ಯಾರಡನು ಈ ರೋಗಕ್ಕೆ ಹೆಸರಿಟ್ಟ 1859ರಲ್ಲಿಯೇ. ರೋಗಿಯ ಮುಂದೆ ಹುರುಳಿಲ್ಲದ ಭರವಸೆಗಳನ್ನೂ ಕೇಳದ ಬುದ್ಧಿವಾದಗಳನ್ನೂ ಸುರಿಯುವವರನ್ನು ಖಂಡಿಸುವುದಕ್ಕಾಗಿಯೇ ಆಕೆ ಅದರಲ್ಲಿ ಒಂದು ಅಧ್ಯಾಯವನ್ನು ಮೀಸಲಿಟ್ಟಳು. ಆಕೆಯೂ ಕ್ರಿಮಿಯದ ಯುದ್ಧದಿಂದ ಬಂದ ಮೇಲೆ ಬಹುವರ್ಷ ಕೋಣೆಯಲ್ಲಿಯೇ ಕಳೆದ ರೋಗಿ; ಬಂದುಹೋಗುವವರ ಭರವಸೆಯ ರುಚಿಯನ್ನು ಬಲ್ಲವಳು. ನಮ್ಮ ಕಡೆ ಕೀಲುನೋವೆಂದರೆ ಎಣ್ಣೆ, ಬೇರು, ಪಥ್ಯಗಳನ್ನು ಹೇಳದೆ ಎದ್ದುಹೋಗುವ ನೆಂಟರು ಅಪರೂಪ. ಅವರ ಉದ್ದೇಶ ಒಳ್ಳೆಯದೇ. ಆದರೆ ಒಂದೊಂದು ಸಲಹೆಯೂ ರೋಗಿಗೆ “ನೀನು ಇದನ್ನು ಮಾಡಲಿಲ್ಲ, ಆದುದರಿಂದ ನೋವು” ಎಂಬ ಆರೋಪದಂತೆ ಕೇಳಿಸುತ್ತದೆ. ಬಲ್ಲ ದಾದಿಯು ವಾಸಿಯ ಪ್ರಶ್ನೆಗೆ ನಾಳೆಯ ಮಾತಿನಿಂದ ಉತ್ತರ ಹೇಳುವುದಿಲ್ಲ. ಕಳೆದ ತಿಂಗಳ ಕಾಗದವನ್ನು ತೆಗೆದು, ಆಗ ಹದಿನಾಲ್ಕು ಕೀಲು ನೋಯುತ್ತಿದ್ದುವು, ಈಗ ಒಂಬತ್ತು ಎಂದು ತೋರಿಸುತ್ತಾಳೆ. ಹೆಚ್ಚಿದ್ದರೆ ಹೆಚ್ಚಿದೆಯೆಂದೇ ತೋರಿಸುತ್ತಾಳೆ.

ನಮ್ಮ ನಾಡಿನಲ್ಲಿ ಇಂಥ ದಾದಿಯು ಎಲ್ಲರಿಗೂ ದೊರೆಯುವುದಿಲ್ಲ. ಬಹುಪಾಲು ಮನೆಗಳಲ್ಲಿ ದಾದಿಯೆಂದರೆ ಮಗಳು, ಸೊಸೆ, ಹೆಂಡತಿ, ಅಪರೂಪಕ್ಕೆ ಗಂಡ. ಅವರಿಗೆ 28 ಕೀಲುಗಳ ಲೆಕ್ಕ ಬಾರದಿದ್ದರೂ ಚಿಂತೆಯಿಲ್ಲ. ಬೆಳಿಗ್ಗೆ ಕೇಳುವ ಪ್ರಶ್ನೆಯೊಂದು ಬಂದರೆ ಸಾಕು. ಆ ಪ್ರಶ್ನೆಯನ್ನು ದಿನವೂ ಹೊಸದಾಗಿ ಕೇಳಬೇಕು. ರೋಗವು ಕೆರಳಿದ ದಿನದ ಉತ್ತರವೇ ಬೇರೆ, ತಗ್ಗಿದ ದಿನದ ಉತ್ತರವೇ ಬೇರೆ. ಹಬ್ಬದ ಬೆಳಿಗ್ಗೆ ಮಂಚದ ಅಂಚಿನಲ್ಲಿ ಕುಳಿತ ಮುದುಕಿಯ ಎದುರಿಗೆ ಬಿಸಿನೀರಿನ ಬೋಗುಣಿಯನ್ನಿಟ್ಟು ಸೊಸೆಯು ಕೇಳುತ್ತಾಳೆ:

“ಇವತ್ತು ನಾನು ಯಾವುದನ್ನು ಮಾಡಲಿ ಅತ್ತೆ, ಯಾವುದನ್ನು ನಿಮಗೆ ಬಿಡಲಿ?”

ಮುದುಕಿಯು ನೀರಿನೊಳಗೆ ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿಕೊಳ್ಳುತ್ತಾಳೆ.

“ಜಡೆ ನೀನು ಹಾಕಮ್ಮ. ಸೀರೆಯ ನಿರಿಗೆಯನ್ನೂ ನೀನೇ ಹಿಡಿ. ಹೋಳಿಗೆಯ ಕಣಕವನ್ನು ಮಾತ್ರ ಯಾರೂ ಮುಟ್ಟಬೇಡಿ. ಹತ್ತು ಗಂಟೆಗೆ ನಾನು ಬರುತ್ತೇನೆ.”